ಗಟ್ಟಿ ನೀರಿನ ಮೇಲೆ ನಿಂತ ಮಾವನಿಗೆ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ನಮ್ಮ ಅಮರಪ್ಪ ಮಾವನಿಗೆ, ಪಾಮನಕಲ್ಲೂರಿನಿಂದ ನಿನ್ನ ಹೆಂಡತಿಯ ತಮ್ಮ ಬಸವರಾಜ ಮಾಡುವ ಶರಣು.

ಇಲ್ಲಿ ನಾವೆಲ್ಲ ಉಂಡು ತಿಂದು ಇದ್ದೇವೆ. ಅಲ್ಲಿ ನೀನು ಹೇಗಿದ್ದೀಯ ಎಂದು ಕೇಳಿದರೆ "ಸತ್ತಾಂವ ಹ್ಯಾಂಗ ಇರತಾನಲೇ ಹುಚ್ಚಪ್ಯಾಲಿ" ಎಂದು ಬೈಯುತ್ತೀಯ. ಬೈಯಲಿ ಎಂದೇ ಕೇಳುತ್ತಿದ್ದೇನೆ. ಮೊನ್ನೆ ಮೊನ್ನೆಯವರೆಗೂ ನಿನಗೆ ಕಾಗದ ಬರೆಯುವ ಜರೂರು ಬಿದ್ದಿರಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೂ ನೀನು ನನ್ನ ಎಡಭುಜದ ಹಿಂದೆ ನಿಂತು ಮಾತಾಡುತ್ತಲೇ ಇದ್ದೆ. ಈಗ ಸುಮ್ಮನಾಗಿದ್ದೀಯ. ಬೇರೆ ದಾರಿ ಇಲ್ಲದೆ ಪೆನ್ನು ಹಿಡಿದಿದ್ದೇನೆ. ಏಳನೇ ಇಯತ್ತೆ ಓದಿದವನ ಅಕ್ಷರ, ಸೊಟ್ಟಗಿದ್ದರೂ ದುಂಡಗಿದೆ. ಇಡೀ ಪಾಮನಕಲ್ಲೂರಿನಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಇನ್ನೊಬ್ಬರಿಲ್ಲ, ಅದು ನಿನಗೂ ಗೊತ್ತು.

ಗಂಗಿ ಆ ಪುಸ್ತಕ ತಂದುಕೊಟ್ಟ ಮಧ್ಯಾಹ್ನ ನೆನಪಿದೆಯೇ ನಿನಗೆ? ನಿನ್ನ ಮಗಳು ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನ ಕಂಡಕ್ಟರಾದ ಮೇಲೆ ಮಸ್ಕಿಯಲ್ಲಿ ಬಸ್ಸು ನಿಂತಷ್ಟು ಹೊತ್ತು ಓಡಿ ಬಂದು ನಿನ್ನ ಮುಖ ನೋಡಿ ಓಡಿ ಹೋಗುತ್ತಿದ್ದಳು. ನಿನ್ನ ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ ಇದ್ದದ್ದು ಅವಳ ಪುಣ್ಯ. ನಾನು ಸಂತೆಗೆ ಬಂದವನು ನಿನ್ನ ಕಟ್ಟೆಯ ಮೇಲೆ ಕೂತು, ನೀನು ಕೊಡದ ಚಹಾಕ್ಕೆ ಕಾಯುತ್ತಿದ್ದೆ. ಟಿಕೆಟ್ ಮಷಿನ್ ಹೆಗಲಿಗೆ ಜೋತಾಡಿಸಿಕೊಂಡೇ ಬಂದಳು.

"ಅಪ್ಪಾ, ಸಿಂಧನೂರಾಗ ಸಿಕ್ತು. ಸ್ವೀಡನ್ ದೇಶದ ಕಾದಂಬರಿ, ಕನ್ನಡಕ್ಕ ತಂದಾರ. ಒಬ್ಬ ಮುದುಕ ಅದಾನ, ಯಾರ ಕೂಡಾನೂ ಸರಿ ಇಲ್ಲ, ಒಬ್ಬನಾ ಇರತಾನ. ಓದು. ಅದರಾಗ ನೀನಾ ಅದೀ."

"ನಾ ಯಾಕ ಇರಲಿ ಅದರಾಗ? ನಾ ಮಸ್ಕ್ಯಾಗ ಅದೀನಿ."

"ಸಿಡುಕ ಅದಾನಪಾ, ನಿನ್ನಂಗ."

"ಯಾಂವ ಸಿಡುಕ? ನಾನಾ?" ಎಂದು ನೀನು ಸಿಡುಕಿದ ಸದ್ದಿಗೆ ಕಟ್ಟೆಯ ಕೆಳಗೆ ಮಲಗಿದ್ದ ನಾಯಿ ಎದ್ದು ಹೋಯಿತು. ನಾನು ನಕ್ಕೆ. ನನ್ನ ನಗೆಗೆ ನಿನಗೆ ಇನ್ನಷ್ಟು ಸಿಟ್ಟು ಬಂದು ಪುಸ್ತಕವನ್ನು ನನ್ನ ಮೇಲೆ ಒಗೆದೆ. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ಗಂಗಿ ಓಡುತ್ತ, "ಮಾಮಾ, ನೀನರ ಓದಿ ಹೇಳು ಅಂವಗ" ಎಂದು ಕೂಗಿ ಹೋದಳು.

ತುರ್ವಿಹಾಳದ ಕಾಲುವೆಯ ಗೇಟಿನ ಮೇಲೆ ನೀನು ನಿಂತಿರುತ್ತಿದ್ದ ಭಂಗಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕನನ್ನು ನಿನಗೆ ಕೊಟ್ಟ ಹೊಸದರಲ್ಲಿ ನಾನು ನಿಮ್ಮ ಮನೆಗೆ ಬಂದಾಗ ನೀನು ಊಟಕ್ಕೂ ಬರದೆ ಗೇಟಿನ ಹತ್ತಿರ ಯಾರೊಂದಿಗೋ ಜಗಳಾಡುತ್ತಿದ್ದೆ. ಕೆಳಗಿನ ಊರಿನವರು ಬಂದು ನೀರು ಕೇಳುತ್ತಿದ್ದರು. ನಿನ್ನ ಬಾಯಲ್ಲಿ ಒಂದೇ ಮಾತು: "ಇಲ್ಲ. ಪಾಳಿ ಬಂದಿಲ್ಲ." ಕೈಮುಗಿದವರಿಗೂ ಇಲ್ಲ, ಕೊಡಲಿ ತೋರಿಸಿದವರಿಗೂ ಇಲ್ಲ. ಹರೆಯದಿಂದ ಮುಪ್ಪಿನವರೆಗೆ, ನೀರು ಕೇಳಿ ಬಂದವರಿಗೆ ಇಲ್ಲ ಎನ್ನುವುದೇ ನೌಕರಿಯಾದ ಮನುಷ್ಯನಿಗೆ ಬೇರೆ ಮಾತು ಹೇಗೆ ಬರಬೇಕು ಹೇಳು? ಅಕ್ಕ ಇರುವವರೆಗೆ ನಿನ್ನ ಪರವಾಗಿ ನಗುವ ಕೆಲಸ ಅವಳು ಮಾಡುತ್ತಿದ್ದಳು. ಬಂದವರನ್ನು ಕರೆಯುವುದು, ಕೂರಿಸುವುದು, ಹೋಗುವವರಿಗೆ ಇನ್ನೊಮ್ಮೆ ಬರಲು ಹೇಳುವುದು. ಅವಳು ಹೋದ ಮೇಲೆ ನಿನ್ನ ಮಸ್ಕಿ ಮನೆಯ ಕಟ್ಟೆ ಹತ್ತಲು ಪಕ್ಕದ ಮನೆಯ ಶಾಂತವ್ವನೂ ಹೆದರುತ್ತಿದ್ದಳು. ಹಾಲಿನವನು ಹಾಲನ್ನು ಕಿಟಕಿಯಿಂದಲೇ ಕೊಟ್ಟು ಹೋಗುತ್ತಿದ್ದ. ನಾನೊಬ್ಬ ಮಾತ್ರ ಬೈಸಿಕೊಂಡೂ ಬರುತ್ತಿದ್ದೆ. ಬೇರೆ ಯಾರಿಗಿದೆ ಅಂಥ ದಪ್ಪ ಚರ್ಮ?

ಕಾಯಿ ಒಡೆದದ್ದು ನನ್ನ ಕಿತಾಪತಿಯೇ. ಅದನ್ನು ಒಪ್ಪುತ್ತೇನೆ, ಆದರೆ ಎಂಥ ಕಿತಾಪತಿ! ನಮ್ಮ ಊರಿನ ಗುಡಿಯಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚಿದಾಗ ಓದುವವನು ನಾನೇ ಅಲ್ಲವೇ. ನನ್ನ ದನಿಗೆ ದೂರದ ಹೊಲದಲ್ಲಿದ್ದವರೂ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ನಾನು ಒಂದು ಪದ್ಯ ಓದಿ ನಿಲ್ಲಿಸಬೇಕು, ಪಕ್ಕದಲ್ಲಿ ಕೂತವನು ಅದರ ಅರ್ಥ ಹೇಳಬೇಕು, ಅವನು ಹೇಳಿ ಮುಗಿಸುವವರೆಗೆ ನಾನು ಮುಂದೆ ಹೋಗುವ ಹಾಗಿಲ್ಲ. ಅದು ಪದ್ಧತಿ. ನಿನ್ನ ಕಟ್ಟೆಯ ಮೇಲೂ ಅದನ್ನೇ ಹೂಡಿದೆ. ಅಕ್ಕ ಕೂತು ರೊಟ್ಟಿ ಬಡಿಯುತ್ತಿದ್ದ ಮಣೆಯನ್ನು ತಂದು, ಅದರ ಮೇಲೆ ಸ್ವೀಡನ್ ಕಾದಂಬರಿ ಇಟ್ಟು, ಅದರ ರಟ್ಟಿಗೆ ವಿಭೂತಿ ಎಳೆದು, "ಇವತ್ತಿನಿಂದ ಅಮರಪ್ಪನ ಮನ್ಯಾಗ ಸಿಡುಕನ ಪುರಾಣ ಹಚ್ಚೀವಿ" ಎಂದು ಕಾಯಿ ಒಡೆದೆ. ಶಾಂತವ್ವ ತನ್ನ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನೀನು ಮಾತ್ರ ನಗಲಿಲ್ಲ.

"ಲೇ ಬಸ್ಯಾ, ಕಾಯಿ ಒಡದೀ. ಗೊತ್ತೈತಿಲ್ಲ? ಕಾಯಿ ಒಡದು ಹಚ್ಚಿದ್ದು ಅರ್ಧಕ್ಕ ಬಿಡಾಕ ಬರಂಗಿಲ್ಲ. ಮಂಗಲ ಆಗೋ ತನಕ ಓದಬೇಕು."

"ಓದ್ತೀನಿ ಮಾವ. ನೀ ಅರ್ಥ ಹೇಳ್ತೀಯೇನು?"

"ಮತ್ತ ಇಲ್ಲಿ ಯಾರದಾರ ಹೇಳಾಕ?" ಎಂದು ನೀನು ಕಂಬಳಿ ಎಳೆದುಕೊಂಡು ನನ್ನ ಎಡಕ್ಕೆ ಕೂತೆ. ಹಾಗೆ ಶುರುವಾಯಿತು. ದೇವರ ಪುರಾಣಕ್ಕೆ ಒಡೆಯುವ ಕಾಯಿಯನ್ನು ಕಾದಂಬರಿಗೆ ಒಡೆದ ಹುಚ್ಚರು ಜಗತ್ತಿನಲ್ಲಿ ನಾವಿಬ್ಬರೇ ಇರಬೇಕು.

ಆ ಕಥೆಯ ಮುದುಕನ ಹೆಸರು ನಿನ್ನ ನಾಲಿಗೆಗೆ ಬರಲೇ ಇಲ್ಲ; ನೀನು ಅವನನ್ನು "ನಮ್ಮಂವ" ಎಂದೇ ಕರೆದೆ. ನಮ್ಮಂವ ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಒಬ್ಬನೇ ಇರುತ್ತಾನೆ. ಚಳಿಗಾಲದಲ್ಲಿ ಆ ಕೆರೆಯ ನೀರು ಗಟ್ಟಿಯಾಗುತ್ತದೆ. ಊರವರು ಅದರ ಮೇಲೆ ನಡೆದು ಆಚೆ ದಂಡೆಗೆ ಹೋಗುತ್ತಾರೆ. ನಮ್ಮಂವ ಈ ದಂಡೆಯಲ್ಲಿ ನಿಂತು ಎಲ್ಲರನ್ನೂ ಬೈಯುತ್ತಾನೆ: ಕಾಲಿಡಬೇಡಿ, ಒಡೆಯುತ್ತದೆ. ಯಾರೂ ಕೇಳುವುದಿಲ್ಲ. ಆಚೆ ದಂಡೆಯಲ್ಲಿ ಅವನ ಹಳೆಯ ಗೆಳೆಯ ಇದ್ದಾನೆ, ಮಾತು ಬಿಟ್ಟು ಯಾವ ಕಾಲವಾಗಿದೆಯೋ. ಆದರೂ ದಿನಾ ಸಂಜೆ ಆಚೆ ದಂಡೆಯ ಕಿಟಕಿಯಲ್ಲಿ ದೀಪ ಹತ್ತುವುದನ್ನು ನಮ್ಮಂವ ನೋಡುತ್ತಾನೆ, ನೋಡಿ "ಎಣ್ಣೆ ದಂಡ" ಎಂದು ಬೈದು ಮಲಗುತ್ತಾನೆ. ಇದನ್ನು ಓದಿ ನಾನು ನಿಲ್ಲಿಸಿದಾಗ ನೀನು ಮಸ್ಕಿ ಗುಡ್ಡದ ಕಡೆ ನೋಡುತ್ತ ಕೂತಿದ್ದೆ.

"ಅರ್ಥ ಹೇಳು ಮಾವ."

"ಅಂವ ದೀಪ ನೋಡಾಕ ಬರಂಗಿಲ್ಲ. ಬೈಯಾಕ ಬರತಾನ. ಮನಷ್ಯಾಗ ಬೈಯಾಕರ ಒಬ್ಬರು ಬೇಕಲ್ಲಲೇ."

ದಿನಾ ಬಂದು ಬೈಸಿಕೊಂಡು ಹೋಗುತ್ತಿದ್ದವನು ನಾನೇ ಅಲ್ಲವೇ... ಆ ದಿನ ನೀನು ಚಹಾ ಮಾಡಿಕೊಟ್ಟೆ. ಸಕ್ಕರೆ ಹಾಕಿರಲಿಲ್ಲ. ಕುಡಿದೆ.

ಸಿಂಧನೂರಿನ ಐಸ್ ಅಂಗಡಿಯ ಮುಂದೆ ನೀನು ಮಾಡಿದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ನಾನು ಹೇಳಿದರಂತೂ ನಂಬುವುದೇ ಇಲ್ಲ. ನೀರು ಗಟ್ಟಿಯಾಗುವುದು ನಿನಗೆ ಒಪ್ಪಿಗೆಯಾಗಿರಲಿಲ್ಲ. "ನಾ ಹುಟ್ಟಿದಾಗಿಂದ ನೀರು ಕಾದೀನಿ. ನೀರು ಮನಷ್ಯಾನ್ನ ಹೊರಂಗಿಲ್ಲ, ಒಯ್ತೈತಿ. ಬರದಾಂವ ಬೊಗಳೆ ಬಿಟ್ಟಾನ" ಎಂದೆ. ನಾನು ಬಿಡುತ್ತೇನೆಯೇ? ಗಂಗಿಯ ಬಸ್ಸಿಗೇ ಹತ್ತಿಸಿ ಸಿಂಧನೂರಿಗೆ ಕರೆದೊಯ್ದೆ. ಉರಿ ಬಿಸಿಲು. ಭತ್ತದ ಹೊಟ್ಟಿನೊಳಗೆ ಹುಗಿದಿಟ್ಟ ಐಸ್ ಗಡ್ಡೆಗಳನ್ನು ಅಂಗಡಿಯ ಖಾಜಾಸಾಬ ಒಂದೊಂದಾಗಿ ಹೊರಗೆಳೆದು ತೊಳೆಯುತ್ತಿದ್ದ. ನೀನು ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಆಮೇಲೆ ಬಡಿದು ನೋಡಿದೆ. ಆಮೇಲೆ ಚಪ್ಪಲಿ ಬಿಟ್ಟು, ಧೋತರ ಎತ್ತಿ ಹಿಡಿದು, ಹತ್ತಿ ನಿಂತೇಬಿಟ್ಟೆ!

"ಏ ಮುತ್ಯಾ! ಇಳಿ ಕೆಳಗ! ಅದು ಮದುವಿ ಶರಬತ್ತಿಗೆ ಹೋಗೋ ಮಾಲು!"

"ಸುಮ್ನಿರೋ. ಕಾಲು ತೊಳಕೊಂಡಾ ಬಂದೀನಿ."

"ಬೀಗರು ಕುಡೀತಾರ ಯಪ್ಪಾ ಅದನ್ನ!"

"ಕುಡೀಲಿ. ಕಾಲುವಿ ನೀರಾಗ ಏನೇನ್ ಇರತೈತಿ ಅಂತ ನನಗ ಗೊತ್ತೈತಿ. ಅದನ್ನಾ ಕುಡ್ಯಾಂಗಿಲ್ಲೇನು ನೀವು?"

ಜನ ಸೇರಿದರು. ಹುಡುಗರು ಮೊಬೈಲ್ ಎತ್ತಿದರು. ನೀನು ಅಲುಗಾಡದೆ ನಿಂತಿದ್ದೆ, ಗೇಟಿನ ಮೇಲೆ ನಿಲ್ಲುತ್ತಿದ್ದ ಅದೇ ಭಂಗಿ. ನಿನ್ನ ಮುಖ ಮಾತ್ರ ಬೇರೆಯಾಗಿತ್ತು. ಹೆದರಿದವರ ಮುಖ ಅಲ್ಲ, ದೂರದಲ್ಲಿ ಯಾರೋ ಕರೆದದ್ದನ್ನು ಕೇಳಿಸಿಕೊಂಡವರ ಮುಖ. "ಸುಡಾಕತ್ತೈತಿ" ಎಂದೆ. ನಾನು ಇಳಿಸಲು ಕೈ ಕೊಟ್ಟೆ; ಐಸು ನನ್ನ ಕೈಗೂ ತಾಗಿತು. ನಿನ್ನ ಹೆಜ್ಜೆ ಬಿದ್ದಲ್ಲೆಲ್ಲ ಡಾಂಬರಿನ ಮೇಲೆ ಒದ್ದೆ ಪಾದ ಮೂಡಿ, ನೋಡುತ್ತಿದ್ದಂತೆಯೇ ಆರಿಹೋಗುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು, ಮಸ್ಕಿ ಹತ್ತಿರ ಬಂದಾಗ ನಾನು ಕೇಳದೆಯೇ ನೀನು ಅರ್ಥ ಹೇಳಿದೆ: "ಗಟ್ಟಿ ಇರೋದು ಖರೆ ಐತಿ. ಆದ್ರ ನನ್ನ ಐಸಿನ ಕೆಳಗ ನೆಲ ಇತ್ತಲೇ. ನಮ್ಮಂವನ ಕೆಳಗ ಬರೇ ನೀರು."

ಕೊನೆಯ ಓದಿನ ಸಂಜೆ ಗಾಳಿ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಆ ದಿನದ ಭಾಗದಲ್ಲಿ ಆಚೆ ದಂಡೆಯ ದೀಪ ಹತ್ತಲಿಲ್ಲ. ನಮ್ಮಂವ ಕಾದ. ಬೈದ. ಮತ್ತೆ ಕಾದ. ಕೊನೆಗೆ, ಬೇರೆಯವರಿಗೆಲ್ಲ ಬೇಡ ಬೇಡ ಎಂದವನು ತಾನೇ ಆ ಗಟ್ಟಿ ನೀರಿನ ಮೇಲೆ ಕಾಲಿಟ್ಟ. ಚಳಿಗಾಲ ಮುಗಿಯುತ್ತ ಬಂದಿತ್ತು, ಐಸು ತೆಳುವಾಗಿತ್ತು. ಅವನು ನಡುಮಧ್ಯಕ್ಕೆ ಬರುವಷ್ಟರಲ್ಲಿ ನನ್ನ ಊರಿನ ಕಡೆಯ ಬಸ್ಸಿನ ಹೊತ್ತಾಯಿತು. ಪುಸ್ತಕ ಮುಚ್ಚಿದೆ.

"ಇನ್ನೊಂದು ಪುಟ ಓದೋ ಬಸ್ಯಾ."

"ಬಸ್ಸು ಹೋಗ್ತೈತಿ ಮಾವ. ನಾಳಿ ಬರ್ತೀನಿ."

"ಅಂವನ್ನ ನಡು ನೀರಾಗ ನಿಂದ್ರಿಸಿ ಹೊಂಟೀಯಲ್ಲ?"

"ಒಂದಿನ ನಿಂತ್ರ ಏನ್ ಆಗಂಗಿಲ್ಲ ಬಿಡು. ನಿನ್ನಂಗ ಗಟ್ಟಿ ಅದಾನ."

ಮರುದಿನ ಬೆಳಿಗ್ಗೆ ಹಾಲಿನವನು ಕಿಟಕಿ ಬಡಿದ. ನೀನು ಏಳಲಿಲ್ಲ. ಮಲಗಿದವನು ಮಲಗಿದ ಹಾಗೆಯೇ ಹೋಗಿದ್ದೆ ಎಂದರು; ನಿದ್ದೆಯಲ್ಲಿ ಹೋದ ಪುಣ್ಯವಂತ ಎಂದರು. ನಾನು ಬಂದು ನಿನ್ನ ಪಾದ ಮುಟ್ಟಿದೆ. ಮಾವ, ಆ ತಣ್ಪು ನನಗೆ ಗುರುತಿತ್ತು. ಖಾಜಾಸಾಬನ ಅಂಗಡಿಯ ಮುಂದೆ ಅದನ್ನು ಮುಟ್ಟಿದ್ದೆ. ನಿನ್ನನ್ನು ವಿಭೂತಿ ಹಚ್ಚಿ ಕೂರಿಸಿ ಮಣ್ಣು ಕೊಡುವಾಗ ಗಂಗಿ ಒಂದೇ ಸಮ ಅಳುತ್ತಿದ್ದಳು. ನಾನು ಅಳಲಿಲ್ಲ. ಇವನ ಕೆಳಗೆ ಈಗ ನೆಲ ಇದೆಯೋ ನೀರಿದೆಯೋ ಎಂಬುದೊಂದೇ ನನ್ನ ತಲೆಯಲ್ಲಿ.

ನೀನು ಮೊದಲ ಸಲ ಮಾತಾಡಿದ್ದು ನನ್ನ ಹೊಲದಲ್ಲಿ. ಹತ್ತಿ ಬೀಜದ ಚೀಲದ ಮೇಲಿದ್ದದ್ದನ್ನು ನಾನು ಎಂದಿನಂತೆ ಗಟ್ಟಿಯಾಗಿ ಓದಿದೆ: 'ತಂಪಾದ ಜಾಗದಲ್ಲಿ ಇಡಿ.' ಓದಿ, ಅಭ್ಯಾಸಬಲ, ನಿಲ್ಲಿಸಿದೆ. ಎಡಭುಜದ ಹಿಂದಿನಿಂದ ಬಂತು: "ಅರ್ಥ ಏನಂದ್ರ, ಇದನ್ನ ಬರದಾಂವ ಬ್ಯಾಸಗ್ಯಾಗ ನಮ್ಮ ಕಡೀ ಬಂದಿಲ್ಲ." ನಾನು ತಿರುಗಲಿಲ್ಲ. ತಿರುಗಿದರೆ ಇರುವುದಿಲ್ಲವೆಂದು ಗೊತ್ತಿತ್ತು. ನಕ್ಕೆ. ಊಟದ ಬುತ್ತಿ ತಂದಿದ್ದ ನನ್ನ ಹೆಂಡತಿ ಈರಮ್ಮ ಬದುವಿನ ಮೇಲೆ ನಿಂತುಬಿಟ್ಟಳು.

"ಯಾರ ಕೂಡ ನಗಾಕತ್ತೀರಿ?"

"ನಿಮ್ಮ ಅಮರಪ್ಪಣ್ಣನ ಕೂಡ."

ಅವಳು ಬುತ್ತಿ ಕೆಳಗಿಟ್ಟು, ಸೀರೆಯ ಗಂಟಿನಿಂದ ವಿಭೂತಿ ತೆಗೆದು ನನ್ನ ಹಣೆಗೆ ಹಚ್ಚಿದಳು.

ಆಮೇಲೆ ಎಲ್ಲಿ ಓದಿದರೂ ನೀನೇ. ಬಸ್ಸಿನಲ್ಲಿ 'ಮಹಿಳೆಯರಿಗೆ ಮೀಸಲು' ಎಂದು ಓದಿದರೆ "ಅರ್ಥ, ಏಳಲೇ ಬಸ್ಯಾ ಮ್ಯಾಲ." ಮದುವೆ ಕಾರ್ಡಿನಲ್ಲಿ 'ನಿಮ್ಮ ಆಗಮನವೇ ಉಡುಗೊರೆ' ಎಂದಿದ್ದರೆ "ಅರ್ಥ, ಲಕೋಟಿ ತರೋದು ಮರೀಬ್ಯಾಡ್ರಿ." ಬದುಕಿದ್ದಾಗಲೂ ನೀನು ಇಷ್ಟು ಮಾತಾಡಿರಲಿಲ್ಲ. ಸತ್ತ ಮೇಲೆ ನಿನಗೆ ಸ್ವಭಾವ ಸುಧಾರಿಸಿತ್ತು ಎನ್ನಬೇಕು. ಪುಸ್ತಕ ಮಾತ್ರ ನಾನು ಮುಟ್ಟಲಿಲ್ಲ. ಊರವರು ಕೇಳಿದರು, ಗುಡಿಯ ಅಯ್ಯನವರು ಕೇಳಿದರು, ಶಾಂತವ್ವ ಬಸ್‌ಸ್ಟ್ಯಾಂಡಿನಲ್ಲಿ ತಡೆದು ನಿಲ್ಲಿಸಿ ಕೇಳಿದಳು: "ಕಾಯಿ ಒಡದು ಹಚ್ಚಿದ್ದು ಹಂಗಾ ಬಿಟ್ಟೀಯಲ್ಲ ಬಸಣ್ಣ, ಮಂಗಲ ಮಾಡೋ." ಕಣ್ಣಿಗೆ ಮಂಜು ಬಂದಿದೆ, ಅಕ್ಷರ ಹತ್ತುವುದಿಲ್ಲ ಎಂದೆ. ಎಲ್ಲರೂ ನಂಬಿದರು. ನಿನಗೊಬ್ಬನಿಗೆ ನಿಜ ಹೇಳುತ್ತೇನೆ ಕೇಳು. ನಮ್ಮಂವ ನಡು ನೀರಿನಲ್ಲಿ ನಿಂತಿರುವವರೆಗೆ ನೀನೂ ನನ್ನ ಹಿಂದೆ ನಿಂತಿರುತ್ತೀಯ. ಅವನು ಮುಳುಗಲಿ, ದಡ ಸೇರಲಿ, ಪುಸ್ತಕ ಮುಗಿದ ದಿನ ನೀನೂ ಹೋಗುತ್ತೀಯ. ಹಾಗೆಂದುಕೊಂಡವನು ಯಾವ ಬಾಯಿಂದ ಓದಲಿ?

ಬೇಸಿಗೆ ಬಲಿತು ಎರೆ ಹೊಲ ಬಿರುಕು ಬಿಟ್ಟ ದಿನಗಳಲ್ಲಿ ನಿನ್ನ ದನಿ ಬದಲಾಯಿತು. ಒಂದು ಮಧ್ಯಾಹ್ನ ಹೊಲದ ನಡುವೆ ನಡೆಯುತ್ತಿದ್ದೆ. ಹೆಂಟೆಯೊಂದು ಕಾಲ ಕೆಳಗೆ ಟಕ್ ಎಂದು ಒಡೆಯಿತು. ನಾನು ನಿಂತೆ. ಮುಂದೆ ನೋಡಿದರೆ ಬಿರುಕುಗಳು, ಹಿಂದೆ ನೋಡಿದರೆ ಬಿರುಕುಗಳು, ಆ ಬಿಸಿಲಿನಲ್ಲಿ ನನ್ನ ಅಂಗಾಲಿನಿಂದ ಮೊಣಕಾಲಿನವರೆಗೆ ಕೊರೆಯುವ ತಣ್ಪು ಏರುತ್ತಿತ್ತು. ಹಿಂದಿನಿಂದ ನೀನು ಅರ್ಥ ಹೇಳಲಿಲ್ಲ. "ಥಂಡಿ ಐತಿ ಬಸ್ಯಾ" ಎಂದೆ. ಅಷ್ಟೇ. ಅಂದಿನಿಂದ ಏನು ಓದಿದರೂ ಅದೊಂದೇ ಮಾತು. ಚುನಾವಣೆಯ ಗೋಡೆಬರಹ ಓದಿದರೂ "ಥಂಡಿ ಐತಿ." ಔಷಧದ ಚೀಟಿ ಓದಿದರೂ "ಥಂಡಿ ಐತಿ." ಚೇಷ್ಟೆ ಇಲ್ಲ, ಬೈಗುಳ ಇಲ್ಲ. ನಿನ್ನ ಬೈಗುಳಕ್ಕಾಗಿ ನಾನು ಬೇಕೆಂದೇ ತಪ್ಪು ತಪ್ಪು ಓದಿದೆ. ನೀನು ತಿದ್ದಲಿಲ್ಲ. ನಾನು ಓದುವುದನ್ನೇ ಬಿಟ್ಟೆ. ಬೋರ್ಡು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆದರೂ ಕಾಲು ತಣ್ಣಗಾಗುತ್ತಿತ್ತು.

ಗಂಗಿ ನನ್ನನ್ನು ಹಿಡಿದದ್ದು ಲಿಂಗಸುಗೂರಿನಿಂದ ಬರುವಾಗ, ಅವಳದೇ ಬಸ್ಸಿನಲ್ಲಿ. ಬಸ್ಸು ತುಂಬಿತ್ತು. ನಾನು ಕಣ್ಣು ಮುಚ್ಚಿ ಕೂತು, "ಸ್ವಲ್ಪ ತಡಕೋ ಮಾವ, ಸ್ವಲ್ಪ ತಡಕೋ" ಎನ್ನುತ್ತಿದ್ದೆನಂತೆ. ಟಿಕೆಟ್ ಕೊಡುತ್ತ ಬಂದವಳು ನನ್ನ ಸೀಟಿನ ಹತ್ತಿರ ನಿಂತಳು.

"ಮಾಮಾ, ಯಾರಿಗಿ ತಡಕೋ ಅನ್ನಾಕತ್ತೀ?"

ನನ್ನ ಬಾಯಿ ನಿನಗೆ ಗೊತ್ತಲ್ಲ. ನಾಲ್ಕು ಜನರೆದುರು ಸಣ್ಣವನಾಗಲು ಅದಕ್ಕೆ ಬರುವುದಿಲ್ಲ. "ನಿಮ್ಮಪ್ಪಗ. ದಿನಾ ಮಾತಾಡತಾನ ನನ್ನ ಕೂಡ. ನನ್ನ ಬಿಟ್ರ ಯಾರ ಕೂಡಾನೂ ಮಾತಾಡಂಗಿಲ್ಲ" ಎಂದುಬಿಟ್ಟೆ. ಹಿಂದಿನ ಸೀಟಿನವರು ನಕ್ಕರು. ಅವಳು ನಗಲಿಲ್ಲ.

"ಏನಂತಾನ?"

ಸುಳ್ಳು ಹೇಳಬಹುದಿತ್ತು. ಆರಾಮ ಇದ್ದಾನೆ, ನಿನ್ನನ್ನು ಕೇಳಿದ ಎನ್ನಬಹುದಿತ್ತು. ಅವಳ ಕಣ್ಣು ಥೇಟ್ ನಿನ್ನವು ಮಾವ, ಎದುರಿಗಿದ್ದವನಿಗೆ ಸುಳ್ಳು ಹೇಳಲು ಬಿಡುವುದಿಲ್ಲ.

"ಥಂಡಿ ಐತಿ ಅಂತಾನ."

ಅವಳು ಮಷಿನ್ ಕೆಳಗಿಳಿಸಿ ನನ್ನ ಪಕ್ಕದಲ್ಲಿ ಕೂತಳು. ಒಬ್ಬ ಮುದುಕಿ "ಯವ್ವಾ, ಟಿಕೀಟ್" ಎಂದು ಕರೆದರೂ ಏಳಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು, "ನನಗ ಒಂದು ಮಾತೂ ಕೇಳಿಲ್ಲ ಮಾಮಾ. ಮಸ್ಕಿ ಬಂತಂದ್ರ ಇಳದು ಓಡಿ ಹೋಗ್ತೀನಿ, ಕಟ್ಟಿ ಮ್ಯಾಲ ಕುಂದ್ರತೀನಿ, ಬೈಯಲಿ ಅಂತ ಕಾಯ್ತೀನಿ. ಏನೂ ಇಲ್ಲ. ನಿನಗರ ದನಿ ಐತಿ. ಆ ದನಿ ಸಲುವಾಗಿ ನಮ್ಮಪ್ಪನ್ನ ಥಂಡ್ಯಾಗ ನಿಂದ್ರಿಸೀಯೇನು ನೀ?"

ನಾನು ತಣ್ಣಗಾದ ಕಾಲುಗಳನ್ನು ಸೀಟಿನ ಕೆಳಗೆ ಎಳೆದುಕೊಂಡೆ.

"ಡ್ಯೂಟಿಗೆ ರಜಾ ಹಾಕ್ತೀನಿ. ಪುಸ್ತಕ ತಗೊಂಡು ಬಾ" ಎಂದಳು. ಎದ್ದು ಹೋಗಿ ಮುದುಕಿಗೆ ಟಿಕೆಟ್ ಕೊಟ್ಟಳು.

ಮಂಗಲದ ದಿನ ನಿನ್ನ ಕಟ್ಟೆ ತುಂಬಿತ್ತು ಎಂದರೆ ನೀನು ನಂಬುತ್ತೀಯಾ? ಶಾಂತವ್ವ ಬಂದಳು, ಹಾಲಿನವನು ಬಂದ, ತುರ್ವಿಹಾಳದಿಂದ ಇಬ್ಬರು ರೈತರು ಬಂದರು. "ನೀರು ಕೊಡಲಿಲ್ಲ ಖರೆ, ಆದ್ರ ನಮ್ಮ ಪಾಳಿ ನೀರು ಇನ್ನೊಬ್ಬರಿಗೂ ಕೊಡಲಿಲ್ಲ ಅಂವ" ಎಂದು ಹೇಳಿ ಕೂತರು. ಈರಮ್ಮ ಹೂ ತಂದಿದ್ದಳು. ನನ್ನ ಎಡಕ್ಕೆ ನಿನ್ನ ಕಂಬಳಿ ಹಾಸಿ ಖಾಲಿ ಬಿಟ್ಟೆವು. ಪುಸ್ತಕ ತೆರೆದೆ. ಓದಿದೆ. ನಮ್ಮಂವ ನಡುಮಧ್ಯದಲ್ಲಿ ನಿಂತಿದ್ದಾನೆ, ಸುತ್ತ ಕತ್ತಲಾಗುತ್ತಿದೆ, ಯಾವ ದಂಡೆ ಹತ್ತಿರ ಎಂದು ತಿಳಿಯುತ್ತ ಇಲ್ಲ. ನಿಲ್ಲಿಸಿದೆ. ಬಂದೆ ನೀನು. "ಅರ್ಥ ಏನಂದ್ರ, ನಿಂತಲ್ಲೇ ನಿಂತ್ರ ಐಸು ಜಲ್ದಿ ಒಡೀತೈತಿ." ಅದನ್ನು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಗಂಗಿ ಕಣ್ಣು ಮುಚ್ಚಿಕೊಂಡಳು.

ಮುಂದಿನದನ್ನು ಓದಿದೆ. ಅವನ ಕಾಲ ಕೆಳಗೆ ಉದ್ದಕ್ಕೆ ಗೆರೆ ಬಿಡುವ ಸದ್ದಾಗುತ್ತದೆ. ಅವನು ನಡೆಯತೊಡಗುತ್ತಾನೆ. ಬಿಟ್ಟುಬಂದ ದಂಡೆಯ ಕಡೆ ತಿರುಗಿ ನೋಡುವುದಿಲ್ಲ.

ನಿಲ್ಲಿಸಿದೆ. ಕಾದೆ.

ಬರಲಿಲ್ಲ ನೀನು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗಾಳಿಗೆ ಪುಟ ಮಗುಚಿತು, ಬೆರಳಿಟ್ಟು ಹಿಡಿದೆ. ಎಡಭುಜದ ಹಿಂದೆ ಏನೂ ಇಲ್ಲ, ಬರೀ ಗೋಡೆ ಇದೆ ಎಂದು ಬೆನ್ನಿಗೇ ಗೊತ್ತಾಯಿತು. ನಾನೇ ಒಂದು ಅರ್ಥ ಕಟ್ಟಿ ನಿನ್ನದೆಂದು ಹೇಳಿಬಿಡಲೇ? ಅಂಥದಕ್ಕೆ ನನಗೆಂದೂ ಕೊರತೆ ಇರಲಿಲ್ಲ. ಆ ಹೊತ್ತಿಗೆ ಒಂದು ಅಕ್ಷರವೂ ಹೊಳೆಯಲಿಲ್ಲ. ಅಂಗಾಲು ಮಾತ್ರ ಬೆಚ್ಚಗಾಗತೊಡಗಿತ್ತು. ಆ ಬಿಸಿಗೆ ನನಗೆ ಅಳು ಬಂತು. ಮಣ್ಣು ಕೊಟ್ಟ ದಿನ ಬಾರದ ಅಳು.

ಆಗ ಗಂಗಿ ಎದ್ದು ಬಂದು ನಿನ್ನ ಕಂಬಳಿಯ ಮೇಲೆ ಕೂತಳು. ಸೀಟಿನಿಂದ ಸೀಟಿಗೆ ಕೂಗಿ ಕೂಗಿ ಒಡೆದ ಆ ದನಿಯನ್ನು ತಗ್ಗಿಸಿ ಹೇಳಿದಳು:

"ಅರ್ಥ ಏನಂದ್ರ, ಹಿಂದ ನೋಡಿದ್ರ ನಾವು ಕಾಣತೀವಿ. ನಾವು ಕಂಡ್ರ ಅಂವಗ ಮುಂದ ಕಾಲು ಏಳಂಗಿಲ್ಲ. ಅದಕ್ಕ ನೋಡ್ಲಿಲ್ಲ. ನಮ್ಮ ಮ್ಯಾಲ ಸಿಟ್ಟಾಗಿ ಅಲ್ಲ."

"ಮುಂದ ಓದು ಮಾಮಾ" ಎಂದಳು. ಓದಿದೆ. ಕೊನೆಯ ಸಾಲಿನವರೆಗೆ ನಾನು ಓದಿದೆ, ಅವಳು ಅರ್ಥ ಹೇಳಿದಳು. ಅವಳ ಅರ್ಥಗಳಲ್ಲಿ ಬೈಗುಳ ನಿನ್ನಷ್ಟು ಖಾರವಾಗಿಲ್ಲ, ಹೇಳಿಕೊಟ್ಟರೆ ಕಲಿಯುತ್ತಾಳೆ. ಕಾಯಿ ಒಡೆದೆವು. ಪುರಾಣ ಮಂಗಲವಾಯಿತು. ಅಂದಿನಿಂದ ನಾನು ಏನೇ ಓದಿ ನಿಲ್ಲಿಸಿದರೂ ಅದರ ಮುಂದೆ ಏನೂ ಇಲ್ಲ. ಮೌನ ಇಷ್ಟು ಜಾಗ ಹಿಡಿಯುತ್ತದೆಂದು ಗೊತ್ತಿರಲಿಲ್ಲ ನನಗೆ.

ನೀನು ಕೇಳದೆ ಹೋದ ಭಾಗವನ್ನು ತಿಳಿಸಲೆಂದೇ ಇಷ್ಟು ಬರೆದೆ. ಕೇಳು ಮಾವ. ಐಸು ಒಡೆಯಲಿಲ್ಲ. ನಮ್ಮಂವ ಆಚೆ ದಂಡೆ ಮುಟ್ಟಿದ. ಬಾಗಿಲು ಬಡಿದ. ಗೆಳೆಯ ಬದುಕಿದ್ದ, ಕಾಲು ಉಳುಕಿ ಎದ್ದು ದೀಪ ಹಚ್ಚಲಾಗದೆ ಮೂಲೆಯಲ್ಲಿ ಕೂತಿದ್ದ. ನಮ್ಮಂವ ಒಳಗೆ ಹೋದವನೇ ಹೇಗಿದ್ದೀಯ ಎನ್ನಲಿಲ್ಲ, "ದೀಪ ಯಾಕೆ ಹಚ್ಚಲಿಲ್ಲ?" ಎಂದು ಜಗಳ ತೆಗೆದ. ಗೆಳೆಯ, "ನೀನು ನೋಡುತ್ತಿದ್ದೀಯ ಎಂದು ನನಗೇನು ಗೊತ್ತು?" ಎಂದ. ಅಷ್ಟು ವರ್ಷಗಳ ಮೇಲೆ ಅವರು ಆಡಿದ ಮೊದಲ ಮಾತು ಅದು. ನಮ್ಮಂವ ಒಲೆ ಹೊತ್ತಿಸಿದ. ಇಬ್ಬರೂ ಬೆಂಕಿಯ ಹತ್ತಿರ ಕೂತು ಹಳೆಯದನ್ನೆಲ್ಲ ತೆಗೆದು ಜಗಳಾಡಿದರು. ಬೆಳಗಾಗುವಷ್ಟರಲ್ಲಿ ಬೆಚ್ಚನೆಯ ಗಾಳಿ ಬೀಸಿ ಕೆರೆ ಬಿಟ್ಟಿತ್ತು. ಗಟ್ಟಿಯಿದ್ದದ್ದೆಲ್ಲ ನೀರಾಗಿತ್ತು. ಅವನು ಹೊಸ್ತಿಲಲ್ಲಿ ನಿಂತು ನೋಡಿದ. ಈ ದಂಡೆಯ ಮೇಲೆ ಅವನ ಮನೆ ಬೆಂಕಿಪೆಟ್ಟಿಗೆಯಷ್ಟು ಸಣ್ಣಗೆ ಕಾಣುತ್ತಿತ್ತು. ಅಲ್ಲಿಗೆ ದಾರಿ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿ ಒಳಗೆ ಹೋದ.

ನಡುವಿನ ನೀರು ಬಿಟ್ಟಿದೆ ಮಾವ. ಇನ್ನು ಈ ಕಡೆ ಬರಲಾಗದು. ನಾನು ಕರೆದರೂ ಬರಬೇಡ. ಕರೆಯುತ್ತೇನೆ, ನನ್ನ ಬಾಯಿಗೆ ಕಡಿವಾಣವಿಲ್ಲ, ಹೊಲದಲ್ಲಿ ನಿಂತು ಒಮ್ಮೊಮ್ಮೆ ಕರೆದೇಬಿಡುತ್ತೇನೆ. ಆದರೂ ಹೊಸ್ತಿಲಿಗೆ ಬಂದು ನಿಲ್ಲಬೇಡ. ಗಂಗಿಯನ್ನು ನಾನು ನೋಡಿಕೊಳ್ಳುತ್ತೇನೆ. ಅವಳು ತನ್ನನ್ನು ತಾನೇ ನೋಡಿಕೊಂಡು ನನ್ನನ್ನೂ ನೋಡಿಕೊಳ್ಳುವವಳು, ಅದು ಬೇರೆ ಮಾತು. ಅಕ್ಕ ಅಲ್ಲಿ ಒಲೆ ಹೊತ್ತಿಸಿರುತ್ತಾಳೆ.

ಒಳಗೆ ಹೋಗು. ಬಾಗಿಲು ಹಾಕಿಕೋ.